ತಬಲಾ, ಎಣ್ಣೆಬಣ್ಣ ಮತ್ತು 11 ತಿಂಗಳ ಕರಾರು

ಪ್ರಶ್ನೆ: ನಾನು ದೃಶ್ಯಕಲೆಯಲ್ಲಿ ಪದವಿ ಪಡೆದವಳು, ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತೇನೆ. ನಮ್ಮ ಮನೆಯವರು ತಬಲಾ ನುಡಿಸುತ್ತಾರೆ. ನಾಟಕಗಳಿಗೆ ಸಾಥ್ ನೀಡುತ್ತಾರೆ, ಸಂಜೆ ನಾಲ್ಕೈದು ಮಕ್ಕಳಿಗೆ ಪಾಠ ಹೇಳುತ್ತಾರೆ. ಎಂಟು ವರ್ಷ ಬೆಂಗಳೂರಿನಲ್ಲಿದ್ದು ಈಗ ದಾವಣಗೆರೆಗೆ ಮರಳುತ್ತಿದ್ದೇವೆ. 'ಇದು ಕಲಾವಿದರೇ ಹೆಚ್ಚಿರುವ ಏರಿಯಾ, ಯಾರೂ ತಕರಾರು ಮಾಡುವುದಿಲ್ಲ' ಎಂದು ದಲ್ಲಾಳಿಯೊಬ್ಬರು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಂದು ಮನೆ ತೋರಿಸಿದ್ದಾರೆ. ಬಾಡಿಗೆ 11,000 ರೂಪಾಯಿ, ಮುಂಗಡ 1 ಲಕ್ಷ. ಬೇಡವಾದರೆ 6 ಲಕ್ಷಕ್ಕೆ ಮೂರು ವರ್ಷ ಭೋಗ್ಯ. ಆದರೆ ಮಾಲೀಕರ ಮುಂದೆ ಚಿತ್ರಕಲೆ, ತಬಲಾ ಎನ್ನಬೇಡಿ, ಖಾಸಗಿ ನೌಕರಿ ಎಂದು ಹೇಳಿ ಎನ್ನುತ್ತಾರೆ. ಬೆಂಗಳೂರಿನ ಮಾಲೀಕರು ಗೋಡೆಗೆ ಬಣ್ಣ ಹೊಡೆಸಬೇಕೆಂದು ಮುಂಗಡದಲ್ಲಿ 45,000 ರೂಪಾಯಿ ಮುರಿದುಕೊಂಡರು. ಆ ಪೆಟ್ಟು ಇನ್ನೂ ಮಾಸಿಲ್ಲ. 11 ತಿಂಗಳಾದ ಕೂಡಲೇ ಮಾಲೀಕರು ನಮ್ಮನ್ನು ಹೊರಗೆ ಹಾಕಬಹುದೇ? ಮನೆಯಲ್ಲಿ ಪಾಠ ಹೇಳುವುದು ತಪ್ಪೇ? ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎಂದು ಮೊಬೈಲಿನಲ್ಲಿ ನೋಡಿದೆ, ನಿಜವೇ? ಭೋಗ್ಯಕ್ಕೆ ಹೋಗಬಹುದೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ನಾಲ್ಕು. ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡ ಅಂಜಿಕೆ ಒಂದೇ: ನಾವು ಮಾಡುವ ಕೆಲಸವೇ ನಮಗೆ ಮನೆ ತಪ್ಪಿಸುತ್ತದೆಯೇ? ದಾವಣಗೆರೆಯ ನ್ಯಾಯಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಾಡಿಗೆ ವ್ಯಾಜ್ಯಗಳನ್ನು ನಡೆಸುತ್ತಿದ್ದೇನೆ, ಮಾಲೀಕರ ಪರವಾಗಿಯೂ ಬಾಡಿಗೆದಾರರ ಪರವಾಗಿಯೂ. ನಿಮ್ಮಂಥವರು ನನ್ನ ಕಚೇರಿಗೆ ಬರುವುದು ಮನೆ ಹಿಡಿದು ಆರೇಳು ತಿಂಗಳಾದ ಮೇಲೆ, ಕೈಯಲ್ಲಿ ನೋಟಿಸ್ ಹಿಡಿದುಕೊಂಡು. ನೀವು ಮುಂಗಡ ಕೊಡುವ ಮೊದಲೇ ಕೇಳಿದ್ದೀರಿ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ದಲ್ಲಾಳಿಯ ಸಲಹೆ. ದಯವಿಟ್ಟು ಅದನ್ನು ಪಾಲಿಸಬೇಡಿ.

ಕೆಲವು ವರ್ಷಗಳ ಹಿಂದೆ ಒಬ್ಬ ಮಾಲೀಕರು ಮೊಳಕೈ ಉದ್ದದ ಪಿವಿಸಿ ಪೈಪಿನ ತುಂಡೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಗರಗಸದಲ್ಲಿ ಕೊಯ್ದ ತುಂಡು. ಒಳಗೆ ಬೆರಳು ತೂರದಷ್ಟು ಬಿಳಿ ಗಟ್ಟಿ, ಸುಣ್ಣದ ಕಲ್ಲಿನ ಹಾಗೆ. ಮೇಲಿನ ಮನೆಯ ಹುಡುಗ ಶಿಲ್ಪಿ. ಮನೆ ಕೇಳುವಾಗ 'ಕಂಪ್ಯೂಟರ್ ಕೆಲಸ' ಎಂದಿದ್ದ. ಅಚ್ಚು ತೆಗೆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುತ್ತಿದ್ದ. ಅದು ಪೈಪಿನೊಳಗೆ ಪದರ ಪದರವಾಗಿ ಕೂತು ಕೆಳಗಿನ ಎರಡು ಮನೆಗಳ ನೀರು ಹಿಂದಕ್ಕೆ ಬಂದಿತ್ತು. ಪೈಪಿನ ಖರ್ಚು ದೊಡ್ಡದಾಗಿರಲಿಲ್ಲ, ಹುಡುಗ ಕೊಡಲು ಸಿದ್ಧನಿದ್ದ. ಮಾಲೀಕರು ಒಪ್ಪಲಿಲ್ಲ. "ದುಡ್ಡು ಬೇಡ ಸರ್, ನನಗೆ ಸುಳ್ಳು ಹೇಳಿದ್ದೇಕೆ?" ಎಂಬ ಒಂದೇ ಮಾತು ಅವರದು. ಹುಡುಗ ಮನೆ ಬಿಡಬೇಕಾಯಿತು. ಮೊದಲೇ ಹೇಳಿದ್ದರೆ ಒಂದು ಬಕೆಟ್ ಇಟ್ಟು ಮುಗಿಸಬಹುದಾಗಿದ್ದ ವಿಷಯ ಅದು.

ಕಾನೂನಿನ ದೃಷ್ಟಿಯಿಂದಲೂ ಸುಳ್ಳು ಅಪಾಯವೇ. ತಪ್ಪು ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯ ಮೇಲೆ ನಿಂತ ಕರಾರನ್ನು ರದ್ದುಪಡಿಸಲು 1872ರ ಭಾರತೀಯ ಕರಾರು ಕಾಯ್ದೆ ಎದುರಿನವರಿಗೆ ಅವಕಾಶ ಕೊಡುತ್ತದೆ. ಅಂದರೆ, ನಿಮ್ಮನ್ನು ರಕ್ಷಿಸಬೇಕಾದ ಪತ್ರವನ್ನು ನೀವೇ ಮೊದಲ ದಿನ ಸಡಿಲ ಮಾಡಿಕೊಂಡಂತಾಗುತ್ತದೆ. ದಲ್ಲಾಳಿಗೆ ಕಮಿಷನ್ ಕೈಗೆ ಬಂದ ದಿನಕ್ಕೆ ವ್ಯವಹಾರ ಮುಗಿಯುತ್ತದೆ. ನಿಮ್ಮ ವ್ಯವಹಾರ ಶುರುವಾಗುವುದೇ ಆ ದಿನದಿಂದ.

ಇನ್ನು 'ಕಲಾವಿದರ ಏರಿಯಾ' ಎಂಬ ಮಾತು. ದಾವಣಗೆರೆಗೆ ಕಲೆ ಹೊಸದಲ್ಲ. ಇದು ಹತ್ತಿ ಗಿರಣಿಗಳ ಊರಾಗಿದ್ದಂತೆ ನಾಟಕ ಕಂಪನಿಗಳ ಊರೂ ಹೌದು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. 1964ರಿಂದ ಇಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ, ಈಚೆಗೆ ವೃತ್ತಿ ರಂಗಭೂಮಿಯ ರಂಗಾಯಣವೂ ಬಂದಿದೆ. ಕಂಪನಿ ನಾಟಕದವರು ಕ್ಯಾಂಪ್ ಹಾಕಿದಾಗ ಊರಿನ ಜನ ಅವರಿಗೆ ಕೋಣೆ ಕೊಟ್ಟಿದ್ದಾರೆ, ಪರದೆ ಬರೆಯಲು ಅಂಗಳ ಬಿಟ್ಟುಕೊಟ್ಟಿದ್ದಾರೆ. ಇದೆಲ್ಲ ನಿಜ. ಆದರೆ ಈ ಪರಂಪರೆ ಯಾವುದೋ ಒಂದು ಬಡಾವಣೆಯಲ್ಲಿ ಗಡಿ ಹಾಕಿಕೊಂಡು ಕೂತಿಲ್ಲ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆಯಲ್ಲಿ ವಾಸದ ವಲಯ, ವಾಣಿಜ್ಯ ವಲಯ, ಕೈಗಾರಿಕಾ ವಲಯ ಎಂಬ ಬಣ್ಣಗಳಿರುತ್ತವೆ. ಕಲೆಗೆಂದು ಬೇರೆ ಬಣ್ಣವಿಲ್ಲ. ಪಕ್ಕದ ಬೀದಿಯಲ್ಲಿ ಹಾರ್ಮೋನಿಯಂ ಕೇಳಿಸುತ್ತದೆ ಎಂಬ ಕಾರಣಕ್ಕೆ ನಿಮ್ಮ ಕೆಳಗಿನ ಮನೆಯವರು ತಬಲಾ ಸಹಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆ ಹೆಸರಿಗಾಗಿ ಸಾವಿರ, ಎರಡು ಸಾವಿರ ಹೆಚ್ಚು ಕೇಳುತ್ತಿದ್ದರೆ ಕೊಡಬೇಡಿ. ಅದೇ ಬೀದಿಯಲ್ಲಿ ಅಷ್ಟೇ ಅಳತೆಯ ಮನೆಗೆ ಏನು ಬಾಡಿಗೆ ಎಂದು ಎದುರಿನ ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಈಗ 11 ತಿಂಗಳ ವಿಷಯ. 'ವರ್ಷ ತುಂಬಿದರೆ ಬಾಡಿಗೆದಾರನಿಗೆ ಹಕ್ಕು ಬರುತ್ತದೆ, ಅದಕ್ಕೇ 11 ತಿಂಗಳು' ಎಂದು ಮಾಲೀಕರು ನಂಬಿದ್ದಾರೆ. '11 ತಿಂಗಳಾದ ಮರುದಿನ ಗಂಟುಮೂಟೆ ಕಟ್ಟಬೇಕು' ಎಂದು ಬಾಡಿಗೆದಾರರು ನಂಬಿದ್ದಾರೆ. ಎರಡೂ ಸರಿಯಲ್ಲ. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಉಪನೋಂದಣಾಧಿಕಾರಿ ಕಚೇರಿಯ ಓಡಾಟ, ಶುಲ್ಕ ತಪ್ಪಿಸಲು ಕಂಡುಕೊಂಡ ದಾರಿಯೇ ಈ 11 ತಿಂಗಳು. ಬೇರೆ ಗುಟ್ಟು ಅದರಲ್ಲಿಲ್ಲ. ಹನ್ನೆರಡು ವರ್ಷ ಬಾಡಿಗೆಗಿದ್ದರೆ ಮನೆ ತಮ್ಮದಾಗುತ್ತದೆ ಎಂಬುದೂ ಅಂಥದ್ದೇ ಮಾತು. ಮಾಲೀಕರ ಒಪ್ಪಿಗೆಯಿಂದ ಇರುವವರ ಸ್ವಾಧೀನ ಎಷ್ಟು ವರ್ಷ ಕಳೆದರೂ ಒಪ್ಪಿಗೆಯ ಸ್ವಾಧೀನವೇ.

ಅವಧಿ ಮುಗಿದ ಮೇಲೂ ನೀವು ಬಾಡಿಗೆ ಕೊಡುತ್ತ, ಅವರು ತೆಗೆದುಕೊಳ್ಳುತ್ತ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಬಿಡಿಸಬೇಕೆಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಮಾಲೀಕರು 15 ದಿನಗಳ ನೋಟಿಸ್ ಕೊಡಬೇಕು. ಅದಾದ ಮೇಲೂ ನೀವು ಬಿಡದಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು, ನೀರು ನಿಲ್ಲಿಸುವುದು ಅವರ ಹಕ್ಕಿನಲ್ಲಿಲ್ಲ. ಹಾಗೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಆರು ತಿಂಗಳು ಎಂಬುದನ್ನು ನೆನಪಿಡಿ. ಒಳ್ಳೆಯ ಮಾತಿನಲ್ಲಿ ಸರಿಹೋಗಲಿ ಎಂದು ಕಾದು ಈ ಗಡುವು ಕಳೆದುಕೊಂಡವರನ್ನು ನೋಡಿದ್ದೇನೆ.

ಆದರೆ ಇದನ್ನೇ ನಂಬಿ ನಿಶ್ಚಿಂತೆಯಾಗಿರಿ ಎಂದು ನಾನು ಹೇಳಲಾರೆ. ಹಳೆಯ ಬಾಡಿಗೆ ಕಾನೂನಿನ ರಕ್ಷಣೆ ನಿಮ್ಮಂಥ ಮನೆಗಳಿಗೆ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 2,000 ಇಲ್ಲವೇ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ನಿಮ್ಮದು 11,000. ಆದ್ದರಿಂದ ಮಾಲೀಕರು ಯಾವ ಕಾರಣವನ್ನೂ ಸಾಬೀತುಪಡಿಸದೆ ನೋಟಿಸ್ ಕೊಟ್ಟು ಬಿಡಿಸಬಹುದು, ನ್ಯಾಯಾಲಯದ ಮೂಲಕ. ನಿಮಗೆ ಸ್ಥಿರತೆ ಬೇಕೆಂದರೆ ಅದು ಕರಾರಿನಿಂದಲೇ ಬರಬೇಕು. ನನ್ನ ಸಲಹೆ: ಮೂರು ವರ್ಷಗಳ ಕರಾರು ಕೇಳಿ, ವರ್ಷಕ್ಕೆ ಇಷ್ಟೇ ಏರಿಕೆ ಎಂದು ಬರೆಸಿ, ಎರಡೂ ಕಡೆಗೆ ಎರಡು ತಿಂಗಳ ನೋಟಿಸ್ ಇರಲಿ, ನೋಂದಣಿ ಮಾಡಿಸಿ. ಖರ್ಚು ಇಬ್ಬರೂ ಹಂಚಿಕೊಳ್ಳಬಹುದು. ಮಾಲೀಕರು ಒಪ್ಪದಿದ್ದರೆ 11 ತಿಂಗಳದ್ದೇ ಆಗಲಿ, ಆದರೆ ಸರಿಯಾದ ಮುದ್ರಾಂಕ ಶುಲ್ಕದ ಇ-ಸ್ಟಾಂಪ್ ಕಾಗದದ ಮೇಲೆ. ಶುಲ್ಕ ಕಡಿಮೆಯಿದ್ದರೆ, ಉಳಿದ ಶುಲ್ಕದ ಜೊತೆಗೆ ಹತ್ತು ಪಟ್ಟಿನವರೆಗೆ ದಂಡ ಕಟ್ಟದೆ ಆ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಮುಟ್ಟುವುದಿಲ್ಲ.

ಎರಡು ತಿಂಗಳ ಮುಂಗಡದ ಸುದ್ದಿಗೆ ಚಿಕ್ಕ ಉತ್ತರ ಸಾಕು. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಆ ಮಿತಿ ಇದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಅದನ್ನು ತನ್ನ ಶಾಸನವಾಗಿ ಮಾಡದೆ ಯಾವ ಮಾಲೀಕರನ್ನೂ ಕಟ್ಟಿಹಾಕದು. ಅದನ್ನು ಹಿಡಿದು ವಾದ ಮಾಡುವ ಬದಲು ಚೌಕಾಸಿ ಮಾಡಿ. 11,000 ಬಾಡಿಗೆಗೆ 1 ಲಕ್ಷ ಮುಂಗಡ ಎಂದರೆ ಒಂಬತ್ತು ತಿಂಗಳ ಬಾಡಿಗೆ. 60,000ಕ್ಕೆ ಇಳಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಪಾಠದ ಪ್ರಶ್ನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಮನೆ ಉಳಿಯುವುದೂ ಹೋಗುವುದೂ ಇಲ್ಲಿಯೇ.

ನ್ಯಾಯಾಲಯದ ಆವರಣದ ಸುತ್ತ ಟೈಪ್ ಮಾಡಿಕೊಡುವವರ ಬಳಿ ಸಿದ್ಧ ಕರಾರು ಇರುತ್ತದೆ. ಹೆಸರು, ಮೊತ್ತ, ದಿನಾಂಕ ಬದಲಿಸಿ ಮುದ್ರಿಸುತ್ತಾರೆ. ಅದರಲ್ಲಿ ಒಂದು ಸಾಲು ಎಂದಿಗೂ ಬದಲಾಗುವುದಿಲ್ಲ: 'ಸದರಿ ಮನೆಯನ್ನು ವಾಸಕ್ಕಾಗಿ ಮಾತ್ರ ಉಪಯೋಗಿಸತಕ್ಕದ್ದು.' ಓದದೆ ಸಹಿ ಹಾಕುತ್ತಾರೆ. ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಮನೆ ಬಳಸಬಾರದು ಎಂಬುದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿಯೂ ಇದೆ. ನೀವು ನಿಮ್ಮ ಮನೆಯ ಕೋಣೆಯಲ್ಲಿ ಕೂತು ಕ್ಯಾನ್ವಾಸ್ ಮೇಲೆ ಬರೆಯುವುದು, ನಿಮ್ಮವರು ಅಭ್ಯಾಸ ಮಾಡುವುದು ವಾಸದ ಭಾಗವೇ ಎಂದು ವಾದಿಸಲು ನನಗೆ ಕಷ್ಟವಿಲ್ಲ. ನಾಲ್ಕು ಮಕ್ಕಳಿಗೆ ಸಂಜೆ ಪಾಠ ಹೇಳುವುದು ಎರಡೂ ಕಡೆ ವಾದಕ್ಕೆ ಸಿಗುವ ಸಂಗತಿ. ಬಾಗಿಲಿಗೆ ಬೋರ್ಡ್ ತೂಗುಹಾಕಿ, ಇಪ್ಪತ್ತು ಮಕ್ಕಳು, ಶುಲ್ಕದ ರಸೀದಿ ಎಂದಾದರೆ ಅದು ವ್ಯವಹಾರ. ಅಲ್ಲಿ ನಾನು ನಿಮ್ಮ ಪರ ನಿಂತರೂ ಗೆಲ್ಲುವ ಭರವಸೆ ಕೊಡಲಾರೆ.

ಮಾಲೀಕರ ಭಯಕ್ಕೂ ಬುಡವಿದೆ. ವಾಸದ ಮನೆ ವಾಣಿಜ್ಯ ಬಳಕೆಗೆ ಹೋಗಿದೆ ಎಂದು ಕಂಡುಬಂದರೆ ಬೆಸ್ಕಾಂ ವಾಣಿಜ್ಯ ದರ ವಿಧಿಸಬಹುದು, ಮಹಾನಗರ ಪಾಲಿಕೆಯ ಆಸ್ತಿ ತೆರಿಗೆಯೂ ಏರಬಹುದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವುದು ಗೃಹ ಬಳಕೆಯ ಸಂಪರ್ಕಕ್ಕೆ ಮಾತ್ರ, ಅದೂ ಕೈತಪ್ಪುತ್ತದೆ. (ಈ ಮಾತು ಬಂದದ್ದರಿಂದ: ಹಿಂದಿನ ಬಾಡಿಗೆದಾರರ ಆಧಾರ್ ಆ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಇನ್ನೂ ಜೋಡಣೆಯಾಗಿಯೇ ಇದೆಯೇ ಎಂದು ಮೊದಲೇ ನೋಡಿ. ಅದು ಬಿಡುಗಡೆಯಾಗದೆ ನಿಮ್ಮ ಹೆಸರಿಗೆ ಸೌಲಭ್ಯ ಬರುವುದಿಲ್ಲ.) ಅಪಾರ್ಟ್‌ಮೆಂಟ್ ಆದ್ದರಿಂದ ನಿವಾಸಿಗಳ ಸಂಘದ ಬೈಲಾ ಕೂಡ ಇರಬಹುದು, ಅದು ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮಾಲೀಕರು 'ಆಗಲಿ' ಎಂದರೂ ಬೈಲಾದಲ್ಲಿ ತರಗತಿ ನಡೆಸಬಾರದೆಂದಿದ್ದರೆ ತಕರಾರು ಅಲ್ಲಿಂದ ಏಳುತ್ತದೆ. ಪ್ರತಿ ಕೇಳಿ ಓದಿ.

ಈ ಕಾರಣಕ್ಕೇ ಆ ಸಿದ್ಧ ಸಾಲನ್ನು ಹೊಡೆದುಹಾಕಿಸಿ ಹೀಗೆ ಬರೆಸಿ: 'ಬಾಡಿಗೆದಾರರು ಸದರಿ ಮನೆಯನ್ನು ತಮ್ಮ ಕುಟುಂಬದ ವಾಸಕ್ಕೂ, ಸ್ವಂತ ಚಿತ್ರಕಲೆ ಹಾಗೂ ತಬಲಾ ಅಭ್ಯಾಸಕ್ಕೂ, ಯಾವುದೇ ಫಲಕ ಹಾಕದೆ ಸಂಜೆ 5ರಿಂದ 7 ಗಂಟೆಯವರೆಗೆ ಏಕಕಾಲಕ್ಕೆ ಐವರು ಮಕ್ಕಳಿಗೆ ಮೀರದಂತೆ ಪಾಠ ಹೇಳುವುದಕ್ಕೂ ಉಪಯೋಗಿಸತಕ್ಕದ್ದು. ಇದಕ್ಕೆ ಮಾಲೀಕರ ಒಪ್ಪಿಗೆ ಇರುತ್ತದೆ.' ಈ ನಾಲ್ಕು ಸಾಲು ನಿಮಗೆ ಕೊಡುವ ಭದ್ರತೆ ಯಾವ ಬಡಾವಣೆಯ ಹೆಸರೂ ಕೊಡದು. ಮಕ್ಕಳ ಸಂಖ್ಯೆ, ಸಮಯ ಬರೆದದ್ದಕ್ಕೆ ಮಾಲೀಕರಿಗೂ ಧೈರ್ಯ ಬರುತ್ತದೆ. ಮೆಟ್ಟಿಲ ಮೇಲೆ ದಿನವಿಡೀ ಅಪರಿಚಿತರು ಓಡಾಡುತ್ತಾರೆ ಎಂಬ ಅಂಜಿಕೆ ಅವರದು, ಅದು ಎರಡು ಗಂಟೆಗೆ ಇಳಿಯುತ್ತದೆ.

ಸದ್ದಿನ ವಿಷಯದಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಸ್ಪಷ್ಟವಾಗಿವೆ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6, ಆ ಹೊತ್ತಿನಲ್ಲಿ ವಾದ್ಯಗಳಿಗೂ ನಿರ್ಬಂಧವಿದೆ. ನಾಟಕ ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ಕೈಯಾಡಿಸುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕಾಗುತ್ತದೆ. ಹಗಲಿನಲ್ಲಿಯೂ ಅಳತೆಯ ಮಾತು ಬೇರೆ, ನೆರೆಯವರ ತಾಳ್ಮೆ ಬೇರೆ. ತಬಲಾ ಪ್ರಕರಣಗಳಲ್ಲಿ ನನ್ನ ಮುಂದೆ ಬಂದ ದೂರೆಲ್ಲ ಡಗ್ಗಾದ್ದು, ಅಂದರೆ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ವಾದ್ಯದ್ದು. ಬಲಗೈಯ ದಾಯಾಂನ ಚುರುಕು ಸದ್ದು ಬಾಗಿಲು ಮುಚ್ಚಿದರೆ ತಗ್ಗುತ್ತದೆ. ಡಗ್ಗಾದ ಗುಂಯ್‌ಗುಡುವ ಮಂದ್ರ ನೆಲದ ಸ್ಲ್ಯಾಬಿಗೆ ಇಳಿದು ಕೆಳಗಿನ ಮನೆಯ ಛಾವಣಿಯಿಂದ ಹೊರಡುತ್ತದೆ. ಬಾಗಿಲು ಮುಚ್ಚಿ ಅದನ್ನು ತಡೆಯಲಾಗದು. ನೆಲಕ್ಕೆ ದಪ್ಪ ರಬ್ಬರ್ ಹಾಸು, ಅದರ ಮೇಲೆ ಹತ್ತಿಯ ಗಾದಿ, ಅದರ ಮೇಲೆ ಕೂತು ನುಡಿಸಿದರೆ ಸಾಕಷ್ಟು ಇಳಿಯುತ್ತದೆ ಎಂದು ಹೀಗೆ ಮಾಡಿಕೊಂಡವರೇ ಹೇಳಿದ್ದಾರೆ.

ಇಲ್ಲಿ ನಿಮ್ಮಿಬ್ಬರ ಅಗತ್ಯಗಳು ಒಂದಕ್ಕೊಂದು ಎದುರಾಗಿವೆ. ತಬಲಾಕ್ಕೆ ನೆಲಮಹಡಿ ಒಳ್ಳೆಯದು, ಕೆಳಗೆ ಯಾರೂ ಇರುವುದಿಲ್ಲ. ಚಿತ್ರಕ್ಕೆ ಬೆಳಕು ಬೇಕು, ಅದು ಮೇಲಿನ ಮಹಡಿಯಲ್ಲಿ ಚೆನ್ನ. ಆದರೆ ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಛಾವಣಿಯ ಕೆಳಗಿನ ಮನೆ ಕಾದ ಹೆಂಚಿನಂತಾಗುತ್ತದೆ. ಮಳೆಗಾಲದಲ್ಲಿ ಸೋರಿದರೆ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. ಮೂಲೆಯೊಂದರಲ್ಲಿ ಮಾತ್ರ ಹೊಸ ಬಣ್ಣ ಹೊಳೆಯುತ್ತಿದ್ದರೆ ಅದರ ಕೆಳಗೆ ತೇವದ ಕಲೆ ಇದೆಯೇ ಎಂದು ಕೈಯಿಟ್ಟು ನೋಡಿ. ಉತ್ತರದ ಕಿಟಕಿಯ ಬೆಳಕು ಒಂದೇ ಸಮನಾಗಿರುತ್ತದೆ ಎಂದು ನಿಮಗೆ ಕಾಲೇಜಿನಲ್ಲಿ ಹೇಳಿರುತ್ತಾರೆ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿ. ಮೇ ತಿಂಗಳಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ತಲೆಗಿಂತ ಉತ್ತರಕ್ಕೆ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಒಂದು ಪರದೆ ಬೇಕು.

ಎಣ್ಣೆಬಣ್ಣದ ಕುರಿತು ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಅಗಸೆ ಎಣ್ಣೆ ಹೀರಿದ ಚಿಂದಿ ಬಟ್ಟೆ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿದ್ದರೆ ಒಣಗುವಾಗ ತನ್ನಷ್ಟಕ್ಕೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬೆಂಕಿಕಡ್ಡಿಯೇ ಬೇಕಿಲ್ಲ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಅದ್ದಿಡಿ. ಟರ್ಪೆಂಟೈನ್ ಡಬ್ಬಿಯನ್ನು ಗ್ಯಾಸ್ ಒಲೆಯಿಂದ, ದೇವರ ದೀಪದಿಂದ ದೂರವಿಡಿ, ಕುಂಚ ತೊಳೆದದ್ದನ್ನು ಸಿಂಕಿಗೆ ಸುರಿಯಬೇಡಿ. ಈ ಎಚ್ಚರಿಕೆಗಳನ್ನು ನೀವೇ ಮಾಲೀಕರಿಗೆ ವಿವರಿಸಿ. ತನ್ನ ಕೆಲಸದ ಅಪಾಯ ಬಲ್ಲವರಿಗೆ ಮನೆ ಕೊಡಲು ಜನ ಅಷ್ಟು ಹಿಂಜರಿಯುವುದಿಲ್ಲ.

ಆ 45,000 ರೂಪಾಯಿಯ ನೋವಿಗೆ ಬರೋಣ. ಸಹಜ ಬಳಕೆಯಿಂದ ಆಗುವ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ ಎಂಬುದು ಕಾನೂನು. ಮೂರು ವರ್ಷದಲ್ಲಿ ಗೋಡೆ ಮಂಕಾದರೆ ಅದು ಸವಕಳಿ. ಗೋಡೆಗೆ ಸಿಡಿದ ಎಣ್ಣೆಬಣ್ಣದ ಕಲೆ, ಮೊಳೆ ಹೊಡೆದು ಕಿತ್ತ ಗಾರೆ ಸವಕಳಿಯಲ್ಲ. ಇವೆರಡರ ನಡುವಿನ ಗೆರೆ ಎಳೆಯುವುದು ಮನೆ ಸೇರುವ ದಿನ, ಬಿಡುವ ದಿನವಲ್ಲ. ಕೀಲಿ ಕೈಗೆ ಬಂದ ದಿನ ಪ್ರತಿ ಗೋಡೆ, ನೆಲ, ನಲ್ಲಿ, ಕಮೋಡುಗಳ ಚಿತ್ರ ತೆಗೆದು ಅವತ್ತೇ ಮಾಲೀಕರ ಮೊಬೈಲಿಗೆ ಕಳಿಸಿ. ಫ್ಯಾನ್ ಎಷ್ಟು, ಗೀಸರ್ ಇದೆಯೇ, ಯಾವ ಕಿಟಕಿಯ ಗಾಜು ಸೀಳಿದೆ ಎಂಬ ಪಟ್ಟಿಯನ್ನು ಕರಾರಿಗೆ ಅನುಬಂಧವಾಗಿ ಸೇರಿಸಿ ಇಬ್ಬರೂ ಸಹಿ ಮಾಡಿ. ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ ಮೀರದಂತೆ ಕಳೆಯಬಹುದು, ಉಳಿದ ಮುಂಗಡ ಕೀಲಿ ಒಪ್ಪಿಸಿದ ದಿನವೇ ಕೊಡತಕ್ಕದ್ದು ಎಂದು ಬರೆಸಿ. ಚಿತ್ರ ಬರೆಯುವ ಕೋಣೆಯ ನೆಲಕ್ಕೆ ರೆಕ್ಸಿನ್ ಹಾಸಿ, ಈಸೆಲ್ ಹಿಂದಿನ ಗೋಡೆಗೆ ಒಂದು ಪ್ಲೈವುಡ್ ಹಲಗೆ ಒರಗಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮುಂಗಡ, ಬಾಡಿಗೆ ಎರಡನ್ನೂ ಬ್ಯಾಂಕ್ ಮೂಲಕವೇ ಕೊಡಿ. ಬೆಂಗಳೂರಿನ ಹಣಕ್ಕೂ ದಾರಿ ಮುಚ್ಚಿಲ್ಲ. ಮನೆ ಬಿಟ್ಟು ಮೂರು ವರ್ಷ ಕಳೆಯುವ ಮೊದಲು ವಸೂಲಿಗೆ ದಾವೆ ಹೂಡಬಹುದು.

ಭೋಗ್ಯದ ಲೆಕ್ಕ ಮೇಲ್ನೋಟಕ್ಕೆ ಸಿಹಿಯಾಗಿದೆ. 6 ಲಕ್ಷವನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟರೆ ತಿಂಗಳಿಗೆ 3,500 ರೂಪಾಯಿ ಬರುತ್ತದೆ. ಅದನ್ನು ಬಿಟ್ಟುಕೊಟ್ಟು 11,000 ಬಾಡಿಗೆ ಉಳಿಸುತ್ತೀರಿ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ತಿಂಗಳಿಗೆ 11,000 ಬರುವುದನ್ನು ಬಿಟ್ಟು ಮಾಲೀಕರು ಒಮ್ಮೆಗೇ 6 ಲಕ್ಷ ಏಕೆ ಕೇಳುತ್ತಾರೆ? ಮಗಳ ಮದುವೆ ಇರಬಹುದು, ಸಾಲ ತೀರಿಸುವುದಿರಬಹುದು. ಹಣ ಬಂದ ವಾರದಲ್ಲಿ ಖರ್ಚಾಗುತ್ತದೆ. ಮೂರು ವರ್ಷದ ಬಳಿಕ ನಿಮಗೆ ಕೊಡಬೇಕಾದ ಹಣ ಮುಂದಿನ ಭೋಗ್ಯದವರು ಸಿಕ್ಕಿದ ಮೇಲೆಯೇ ಬರುವುದು. ಅಷ್ಟರಲ್ಲಿ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಕಂತು ನಿಂತಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಪಡಿಸಿಕೊಳ್ಳಲು ಬರುತ್ತದೆ. ಆಗ ನಿಮ್ಮ ಕೈಯಲ್ಲಿ ನೋಂದಣಿಯಾಗದ ಭೋಗ್ಯದ ಪತ್ರವಿದ್ದರೆ ಬ್ಯಾಂಕಿನ ಮುಂದೆ ಅದಕ್ಕೆ ತೂಕವಿರುವುದಿಲ್ಲ. ನೀವು ಮಾಲೀಕರಿಗೆ ಸಾಲ ಕೊಟ್ಟ ಸಾಮಾನ್ಯ ವ್ಯಕ್ತಿಯಂತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಜೀವನದ ಉಳಿತಾಯವೆಲ್ಲ ಹೀಗೆ ಸಿಕ್ಕಿಕೊಂಡವರ ಮುಖ ನನಗೆ ಮರೆತಿಲ್ಲ.

ಭೋಗ್ಯವೇ ಬೇಕೆಂದರೆ ನೋಂದಾಯಿತ ಭೋಗ್ಯಪತ್ರವೇ ಆಗಬೇಕು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ, ಆದರೆ ಅದೊಂದನ್ನೇ ನಂಬಬೇಡಿ. ಮೂಲ ಕ್ರಯಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಅದರಲ್ಲಿ ಯಾವಾಗಲೂ ಕಾಣಿಸುವುದಿಲ್ಲ. 'ಮೂಲ ಪತ್ರ ಒಮ್ಮೆ ತೋರಿಸಿ' ಎಂದು ಕೇಳಿ. ನಕಲು ಕೊಟ್ಟು ಮೂಲ ಬೇರೆಲ್ಲೋ ಇದೆ ಎಂದರೆ ಅಲ್ಲಿಗೇ ಬಿಡಿ. ಖಾತೆ ತಂದೆಯ ಹೆಸರಿನಲ್ಲಿದ್ದು ಅಣ್ಣತಮ್ಮಂದಿರ ಪಾಲು ಆಗಿರದಿದ್ದರೆ ಎಲ್ಲರ ಸಹಿ ಬೇಕು, ಹೆಣ್ಣುಮಕ್ಕಳದ್ದೂ. ಇಷ್ಟೆಲ್ಲ ಸರಿಯಿದ್ದರೂ, ಸುಗ್ಗಿ, ಜಾತ್ರೆಗಳ ಕಾಲಕ್ಕೆ ಆದಾಯ ಬಂದು ಮಳೆಗಾಲದಲ್ಲಿ ಬತ್ತುವ ನಿಮ್ಮಂಥ ಕುಟುಂಬಕ್ಕೆ 6 ಲಕ್ಷ ಕೈಯಲ್ಲಿರಬೇಕಾದ ಹಣ. ನಾನು ನಿಮ್ಮ ಜಾಗದಲ್ಲಿದ್ದರೆ ಬಾಡಿಗೆಗೇ ಹೋಗುತ್ತಿದ್ದೆ.

ಈ ಮನೆಯೊಂದೇ ದಾರಿಯಲ್ಲ ಎಂಬುದನ್ನೂ ಯೋಚಿಸಿ. ಹಳೆಯ ಊರಿನ ಕಡೆ ದಪ್ಪ ಗೋಡೆಯ ಒಂಟಿ ಮನೆಗಳು ಇನ್ನೂ ಇವೆ. ಸದ್ದು ಹೊರಗೆ ಹೋಗದು, ಮೇಲೆ ಕೆಳಗೆ ಯಾರೂ ಇರುವುದಿಲ್ಲ. ಆದರೆ ಬೆಳಕು ಕಡಿಮೆ, ದುರಸ್ತಿ ಜಾಸ್ತಿ, ಪಾಲಿನ ತಕರಾರು ಇರುವ ಸಂಭವವೂ ಹೆಚ್ಚು. ಇನ್ನೊಂದು, ವಾಸಕ್ಕೆ ಚಿಕ್ಕ ಮನೆ ಹಿಡಿದು ಪಾಠವನ್ನು ಶಾಲೆಯ ಕೋಣೆಗೋ ಸಮುದಾಯ ಭವನಕ್ಕೋ ಸಾಗಿಸುವುದು. ಬಾಡಿಗೆ ಎರಡಾಗುತ್ತದೆ, ನಿದ್ದೆ ಮಾತ್ರ ನೆಮ್ಮದಿಯದು. ಮಕ್ಕಳ ಸಂಖ್ಯೆ ಹತ್ತು ದಾಟುವ ಆಸೆ ನಿಮ್ಮವರಿಗಿದ್ದರೆ ಈಗಿನಿಂದಲೇ ಈ ದಾರಿ ಹಿಡಿಯುವುದು ಮೇಲು.

ಮುಂದೆ ಎಂದಾದರೂ ಜಗಳ ಬಂದರೆ ನೇರವಾಗಿ ದಾವೆಗೆ ಧುಮುಕಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದ್ದರಿಂದ ಕರಾರಿನಲ್ಲಿ ಬಾಡಿಗೆದಾರರಾಗಿ ನಿಮ್ಮ ಹೆಸರೂ ಇರಲಿ, ನಿಮ್ಮವರೊಬ್ಬರದ್ದೇ ಬೇಡ. ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಮುಂಗಡ ವಾಪಸಿನಂಥ ವಿಷಯಗಳು ಅಲ್ಲಿ ಬೇಗ ಮುಗಿಯುತ್ತವೆ.

ಈ ವಾರ ಒಂದು ಕೆಲಸ ಮಾಡಿ. ಮಾಲೀಕರಿಗೆ ನೀವೇ ಫೋನ್ ಮಾಡಿ, ಇಬ್ಬರೂ ಏನು ಮಾಡುತ್ತೀರಿ ಎಂದು ಹೇಳಿ, ಸಂಜೆ ಆರು ಗಂಟೆಗೆ ಮನೆ ಮತ್ತೊಮ್ಮೆ ನೋಡಲು ಒಪ್ಪಿಗೆ ಕೇಳಿ. ತಬಲಾ ಜೋಡಿಯನ್ನೂ ಗಾದಿಯನ್ನೂ ಜೊತೆಗೆ ಒಯ್ಯಿರಿ. ನಿಮ್ಮವರು ಮೇಲೆ ಕೂತು ಹತ್ತು ನಿಮಿಷ ನುಡಿಸಲಿ. ನೀವು ಕೆಳಗಿನ ಮನೆಯ ಬಾಗಿಲು ತಟ್ಟಿ, ವಿಷಯ ಹೇಳಿ, ಅವರ ನಡುಮನೆಯಲ್ಲಿ ಅವರ ಜೊತೆಗೇ ನಿಂತು ಕೇಳಿ. ಅಲ್ಲಿ ಹತ್ತನೇ ತರಗತಿಯ ಮಗು ಓದುತ್ತಿರಬಹುದು, ಹಾಸಿಗೆ ಹಿಡಿದ ಅಜ್ಜಿ ಇರಬಹುದು, ತಾವೂ ಹಿಂದೊಮ್ಮೆ ಕಲಿತಿದ್ದೆವು ಎನ್ನುವವರೂ ಇರಬಹುದು. ಅವರ ಮಾತು ಕೇಳಿಕೊಂಡು ಮೇಲೆ ಬನ್ನಿ, ಮುಂಗಡದ ಮಾತು ಆಮೇಲೆ ಆಡಿ.